ಬೆಳ್ಳಗಿರುವುದೆಲ್ಲ ಹಾಲಲ್ಲ

(ಹಾಲಿನ ಬಗ್ಗೆ ಬರುವ ಸುದ್ದಿ ಮತ್ತು ಜಾಹೀರಾತುಗಳನ್ನು ಮೂಲದೊಡನೆ ಹೋಲಿಸಿ ಓದುವುದನ್ನು ಕುರಿತು, ಸದಸ್ಯ ಸಂಘಗಳ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳ ತರಬೇತಿ ಶಿಬಿರದಲ್ಲಿ ಒಕ್ಕೂಟದ ಗುಣ ನಿಯಂತ್ರಣ ವಿಭಾಗದ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಬೆಳಗಿನಿಂದ ತಾವು ಶುದ್ಧ ಹಾಲು ಉತ್ಪಾದನೆ, ಸಂಘದ ಲೆಕ್ಕಪತ್ರ, ರಾಸುಗಳ ಆರೋಗ್ಯ ಈ ವಿಷಯಗಳನ್ನು ಕೇಳಿದ್ದೀರಿ. ನನಗೆ ಕೊಟ್ಟಿರುವ ವಿಷಯ ಸ್ವಲ್ಪ ಬೇರೆಯದು. ಹಾಲಿನ ಬಗ್ಗೆ ಪತ್ರಿಕೆಯಲ್ಲಿ, ಟಿ.ವಿ.ಯಲ್ಲಿ, ಈಗ ಮೊಬೈಲಿನಲ್ಲಿ ಬರುವ ಸುದ್ದಿ ಮತ್ತು ಜಾಹೀರಾತುಗಳನ್ನು ಹೇಗೆ ಓದಬೇಕು ಎಂಬುದು ವಿಷಯ. ಇದು ಪಟ್ಟಣದ ಓದುಬರಹದವರ ಕೆಲಸ, ಹಾಲು ಕರೆಯುವ ನಮಗೇನು ಸಂಬಂಧ ಎಂದು ಕೆಲವರಿಗೆ ಅನಿಸಬಹುದು. ಆದರೆ ಸಂಬಂಧ ನಮಗೇ ಹೆಚ್ಚು. 'ಹಾಲಿನಲ್ಲಿ ವಿಷ' ಎಂದು ಒಂದು ಸುದ್ದಿ ಬಂದರೆ ಪಟ್ಟಣದ ಗ್ರಾಹಕ ಮರುದಿನ ಎರಡು ಪಾಕೀಟಿನ ಬದಲು ಒಂದು ಪಾಕೀಟು ಕೊಳ್ಳುತ್ತಾನೆ. ಮಾರಾಟವಾಗದ ಹಾಲನ್ನು ಪುಡಿ ಮಾಡಬೇಕು. ಪುಡಿಗೆ ಸರಿಯಾದ ಬೆಲೆ ಸಿಗದಿದ್ದರೆ ಆ ಹೊರೆ ಕೊನೆಗೆ ಉತ್ಪಾದಕರ ಬಟವಾಡೆಯ ಮೇಲೆ ಬೀಳುತ್ತದೆ. ಹಾಗೆಯೇ ಒಂದು ಸುಳ್ಳು ಜಾಹೀರಾತನ್ನು ನಂಬಿ ತಂದ ಪುಡಿಯ ಡಬ್ಬಕ್ಕೆ ಹೋಗುವ ಹಣವೂ ಅದೇ ಬಟವಾಡೆಯ ಹಣವೇ.

ಆದ್ದರಿಂದ ಇಂದು ಒಂದೇ ಮಾತನ್ನು ತಮ್ಮ ಮನಸ್ಸಿಗೆ ತರಬೇಕೆಂದಿದ್ದೇನೆ. ಯಾವುದೇ ಅಂಕಿ, ಯಾವುದೇ ಹೇಳಿಕೆ ಬಂದಾಗ ಅದನ್ನು ಒಪ್ಪುವುದಕ್ಕೆ ಮುಂಚೆ, ತಳ್ಳಿಹಾಕುವುದಕ್ಕೂ ಮುಂಚೆ, ಅದು ಹುಟ್ಟಿದ ಜಾಗಕ್ಕೆ ಹೋಗಿ ನೋಡಬೇಕು. ನಮಗೆ ವಿರುದ್ಧವಾದ ಮಾತಿಗೂ ಇದು ಅನ್ವಯ, ನಮ್ಮನ್ನು ಹೊಗಳುವ ಮಾತಿಗೂ ಅನ್ವಯ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ.

68 ಎಂಬ ಅಂಕಿಯ ಕಥೆ

'ದೇಶದ ಹಾಲಿನಲ್ಲಿ ನೂರಕ್ಕೆ 68 ಭಾಗ ಕಲಬೆರಕೆ' ಎಂಬ ಮಾತನ್ನು ತಾವೆಲ್ಲರೂ ಒಂದಲ್ಲ ಒಂದು ಸಲ ಕೇಳಿರುತ್ತೀರಿ. ಈ ಅಂಕಿ ಸುಳ್ಳಲ್ಲ, ಅದಕ್ಕೊಂದು ಮೂಲವಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2011ರಲ್ಲಿ ಹಾಲಿನ ಕಲಬೆರಕೆಯ ಬಗ್ಗೆ ರಾಷ್ಟ್ರೀಯ ಸಮೀಕ್ಷೆ ನಡೆಸಿತು. 33 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಿಂದ ಬಿಡಿ ಹಾಲು, ಪಾಕೀಟಿನ ಹಾಲು ಸೇರಿ 1,791 ಮಾದರಿಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 1,226 ಮಾದರಿಗಳು ನಿಗದಿತ ಮಾನಕ್ಕೆ ಹೊಂದಲಿಲ್ಲ. ಲೆಕ್ಕ ಹಾಕಿದರೆ ಶೇಕಡಾ 68.4 ಬರುತ್ತದೆ. ಅಂಕಿ ಸರಿ.

ಆದರೆ ಸಮೀಕ್ಷೆ ಹೇಳಿದ್ದು 'ಮಾನಕ್ಕೆ ಹೊಂದಿಲ್ಲ' ಎಂದು. ಅದು ಪತ್ರಿಕೆಗೆ ಬರುವಾಗ 'ಕಲಬೆರಕೆ' ಆಯಿತು. ಬಾಯಿಂದ ಬಾಯಿಗೆ ಹೋಗುವಾಗ 'ವಿಷ' ಆಯಿತು. ಮಾನಕ್ಕೆ ಹೊಂದದಿರುವುದು, ಕಲಬೆರಕೆಯಾಗಿರುವುದು, ಕುಡಿದರೆ ಅಪಾಯವಾಗುವುದು, ಈ ಮೂರೂ ಬೇರೆ ಬೇರೆ. ಸಂಘದಲ್ಲಿ ದಿನಾ ಹಾಲು ಪರೀಕ್ಷೆ ಮಾಡುವ ತಮಗೆ ಈ ವ್ಯತ್ಯಾಸವನ್ನು ನಾನು ಹೇಳಿಕೊಡಬೇಕಾಗಿಲ್ಲ.

ಆ 1,226 ಮಾದರಿಗಳು ಏಕೆ ಹೊಂದಲಿಲ್ಲ? ಅದೇ ವರದಿಯಲ್ಲಿ ಉತ್ತರವಿದೆ. 574 ಮಾದರಿಗಳಲ್ಲಿ ಜಿಡ್ಡೇತರ ಘನಾಂಶ, ಅಂದರೆ ನಾವು ಎಸ್.ಎನ್.ಎಫ್. ಎನ್ನುವುದು, ಕಡಿಮೆ ಇತ್ತು. ನೀರು ಸೇರಿದ್ದು ಅದಕ್ಕೆ ಕಾರಣವೆಂದು ವರದಿ ಹೇಳಿತು. 548 ಮಾದರಿಗಳಲ್ಲಿ ಕೆನೆ ತೆಗೆದ ಹಾಲಿನ ಪುಡಿ ಕಂಡುಬಂತು, ಅವುಗಳ ಪೈಕಿ 477ರಲ್ಲಿ ಗ್ಲೂಕೋಸ್ ಕೂಡ ಇತ್ತು. 103 ಮಾದರಿಗಳಲ್ಲಿ ಮಾರ್ಜಕದ ಅಂಶ, ಅಂದರೆ ಡಿಟರ್ಜೆಂಟ್, ಸಿಕ್ಕಿತು. ಅದು ಹಾಲನ್ನು ನಿರ್ವಹಿಸುವಾಗ ಮತ್ತು ತುಂಬುವಾಗ ಸ್ವಚ್ಛತೆ ಸಾಲದೆ ಬಂದಿರಬಹುದೆಂದೂ ಅಲ್ಲೇ ಬರೆದಿದ್ದರು. ಕ್ಯಾನು ತೊಳೆದು ಸರಿಯಾಗಿ ಜಾಲಿಸದಿದ್ದರೂ ಅದು ಹಾಲಿಗೆ ಬರುತ್ತದೆ.

ನೀರು ಬೆರೆಸುವುದು ತಪ್ಪಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಮೋಸ. ಕೊಳಕು ನೀರಾದರೆ ರೋಗವೂ ಹೌದು. ಗ್ಲೂಕೋಸ್ ಹಾಕಿ ಎಸ್.ಎನ್.ಎಫ್. ಏರಿಸುವುದೂ ಮೋಸವೇ. ಆದರೆ 'ಮೂರರಲ್ಲಿ ಎರಡು ಲೋಟ ಹಾಲಿನಲ್ಲಿ ಯೂರಿಯಾ, ಸೋಪಿನ ಪುಡಿ' ಎಂದು ಹೇಳುವುದಕ್ಕೆ ಆ ಸಮೀಕ್ಷೆಯಲ್ಲಿ ಆಧಾರವಿರಲಿಲ್ಲ.

ಇನ್ನೊಂದು ಸೂಕ್ಷ್ಮ ನೋಡಿ. ಮಾರ್ಜಕ ಸಿಕ್ಕಿದ ಪ್ರಮಾಣ ಶೇಕಡಾ 8.4 ಎಂದು ವರದಿಯಲ್ಲಿದೆ. ಯಾವುದರಲ್ಲಿ 8.4? ಒಟ್ಟು ಮಾದರಿಗಳಲ್ಲಿ ಅಲ್ಲ, ಮಾನಕ್ಕೆ ಹೊಂದದ 1,226ರಲ್ಲಿ. ಒಟ್ಟು 1,791ಕ್ಕೆ ಲೆಕ್ಕ ಹಾಕಿದರೆ ಶೇಕಡಾ 5.8ಕ್ಕೂ ಸ್ವಲ್ಪ ಕಡಿಮೆ. ಶೇಕಡಾ ಎಂಬ ಮಾತು ಕೇಳಿದ ಕೂಡಲೆ 'ಎಷ್ಟರಲ್ಲಿ?' ಎಂದು ಕೇಳುವ ಅಭ್ಯಾಸ ಇಟ್ಟುಕೊಳ್ಳಬೇಕು. ಸಂಘದ ಲಾಭಾಂಶ ಶೇಕಡಾ ಇಷ್ಟು ಎಂದರೆ ತಾವು ಷೇರು ಹಣದ ಮೇಲೋ ಹಾಲಿನ ವಹಿವಾಟಿನ ಮೇಲೋ ಎಂದು ಕೇಳುವುದಿಲ್ಲವೆ? ಹಾಗೆಯೇ ಇದೂ.

ಅಳತೆಗೋಲನ್ನೂ ನೋಡಬೇಕು. ಆ ಸಮೀಕ್ಷೆಯ ಕಾಲಕ್ಕೆ ಹಸುವಿನ ಹಾಲಿಗೆ ಇರಬೇಕಾದ ಎಸ್.ಎನ್.ಎಫ್. 8.5 ಎಂದಿತ್ತು. ಆಮೇಲೆ ಪ್ರಾಧಿಕಾರ ದೇಶಕ್ಕೆಲ್ಲ ಒಂದೇ ಮಾನ ತಂದು ಹಸುವಿನ ಹಾಲಿಗೆ ಜಿಡ್ಡು 3.2, ಎಸ್.ಎನ್.ಎಫ್. 8.3 ಎಂದು ಗೊತ್ತು ಮಾಡಿತು. ಈಗ ಲೆಕ್ಕ ಹಾಕಿ. ಬೇಸಿಗೆಯಲ್ಲಿ ಹಸಿ ಮೇವಿಲ್ಲದೆ ಬರೀ ಒಣ ಹುಲ್ಲು ತಿಂದ ಮಿಶ್ರತಳಿ ಹಸುವಿನ ಹಾಲಿನಲ್ಲಿ ಎಸ್.ಎನ್.ಎಫ್. 8.4 ಬಂತೆನ್ನೋಣ. ಒಂದು ತೊಟ್ಟು ನೀರೂ ಸೇರಿಲ್ಲ. 2011ರ ಮಾನದಂತೆ ಅದು ಹೊಂದದ ಹಾಲು. ನಂತರದ ಮಾನದಂತೆ ಹೊಂದುವ ಹಾಲು. ಹಾಲು ಅದೇ, ಹಸು ಅದೇ, ಅಳತೆಗೋಲು ಮಾತ್ರ ಬದಲಾಯಿತು. ಆ ಹಾಲು ಕರೆದ ರೈತನನ್ನು ಕಲಬೆರಕೆದಾರ ಎಂದು ಕರೆಯುವುದು ನ್ಯಾಯವೆ?

ರಾಜ್ಯವಾರು ನೋಡಿದರೂ ಚಿತ್ರ ಬೇರೆ. ಗೋವಾ ಮತ್ತು ಪುದುಚೇರಿಯ ಮಾದರಿಗಳೆಲ್ಲ ಮಾನಕ್ಕೆ ಹೊಂದಿದ್ದವು. ಬಿಹಾರ, ಪಶ್ಚಿಮ ಬಂಗಾಳ, ಒಡಿಶಾಗಳಲ್ಲಿ ಒಂದೂ ಹೊಂದಲಿಲ್ಲ. ಕರ್ನಾಟಕದಲ್ಲಿ ಹೊಂದದವು ಶೇಕಡಾ 22. ಇಲ್ಲೂ ಬೀಗಬೇಕಾಗಿಲ್ಲ. 1,791 ಮಾದರಿಗಳನ್ನು 33ಕ್ಕೆ ಹಂಚಿದರೆ ಸರಾಸರಿ 54 ಬರುತ್ತದೆ. ಅಷ್ಟು ಕಡಿಮೆ ಮಾದರಿಗಳಿಂದ ಒಂದು ರಾಜ್ಯದ ಇಡೀ ಹಾಲಿಗೆ ತೀರ್ಪು ಕೊಡಲಾಗದು. ಆದರೆ ದೇಶದ ಸರಾಸರಿಯನ್ನು ಎತ್ತಿಕೊಂಡು ನಮ್ಮ ಜಿಲ್ಲೆಯ ಹಾಲಿಗೆ ಅಂಟಿಸುವುದೂ ಅಷ್ಟೇ ತಪ್ಪು.

ಇಷ್ಟಾದರೂ ಆ ಅಂಕಿ ಸಾಯಲಿಲ್ಲ. 2016ರ ಮಾರ್ಚಿಯಲ್ಲಿ ಲೋಕಸಭೆಯಲ್ಲಿ ಅದರ ಪ್ರಸ್ತಾಪ ಬಂತು. ಮರುದಿನದ ಪತ್ರಿಕೆಗಳಲ್ಲಿ ಅದು ಹೊಸ ಸುದ್ದಿಯಂತೆ ಅಚ್ಚಾಯಿತು. ಓದಿದವರಿಗೆ ಅದು 5 ವರ್ಷ ಹಳೆಯ ಅಂಕಿಯೆಂದು ತಿಳಿಯುವುದು ಕಷ್ಟವಾಗಿತ್ತು. ಇಂದಿಗೂ ಯಾರೋ ಅದನ್ನು ಮೊಬೈಲಿನಲ್ಲಿ ಕಳುಹಿಸುತ್ತಲೇ ಇರುತ್ತಾರೆ. ಪಾಕೀಟಿನ ಮೇಲೆ ತಾರೀಖು ನೋಡಿ ಕೊಳ್ಳುವಂತೆ ಸುದ್ದಿಯ ತಾರೀಖನ್ನೂ ನೋಡಬೇಕು.

ಒಂದೇ ವರದಿ, ಎರಡು ತಲೆಬರಹ

ಅದೇ ಪ್ರಾಧಿಕಾರ 2018ರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇನ್ನೂ ದೊಡ್ಡ ಸಮೀಕ್ಷೆ ಮಾಡಿತು. ಐವತ್ತು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯ 1,103 ಪಟ್ಟಣಗಳಿಂದ 6,432 ಮಾದರಿ ತೆಗೆದರು. ವರದಿ 2019ರ ಅಕ್ಟೋಬರ್‌ನಲ್ಲಿ ಹೊರಬಂತು. ಅಪಾಯಕರ ಕಲಬೆರಕೆ ಕಂಡದ್ದು 12 ಮಾದರಿಗಳಲ್ಲಿ ಮಾತ್ರ. ಸುಮಾರು 93 ಭಾಗ ಕುಡಿಯಲು ಸುರಕ್ಷಿತ. ಆದರೆ ಶೇಕಡಾ 41ರಷ್ಟು ಮಾದರಿಗಳು, ಸುರಕ್ಷಿತವಾಗಿದ್ದರೂ, ಜಿಡ್ಡು, ಎಸ್.ಎನ್.ಎಫ್. ಮುಂತಾದ ಒಂದಲ್ಲ ಒಂದು ಗುಣಮಟ್ಟದಲ್ಲಿ ಹಿಂದೆ ಬಿದ್ದಿದ್ದವು.

ಈ ಒಂದು ವರದಿಯಿಂದ 'ಹಾಲು ಶೇಕಡಾ 99.8 ಶುದ್ಧ' ಎಂಬ ತಲೆಬರಹ ಬರೆಯಬಹುದು. 'ಹಾಲಿನಲ್ಲಿ ಶೇಕಡಾ 41 ಕಳಪೆ' ಎಂದೂ ಬರೆಯಬಹುದು. ಎರಡರ ಅಂಕಿಗೂ ವರದಿಯಲ್ಲಿ ಆಧಾರವಿದೆ. ಎರಡೂ ಓದುಗನನ್ನು ದಾರಿ ತಪ್ಪಿಸುತ್ತವೆ. ಹಾಲು ಮಾರುವ ನಮಗೆ ಮೊದಲನೆಯದು ಹಿತವೆನಿಸುತ್ತದೆ. ಅದನ್ನೇ ಫಲಕ ಮಾಡಿ ಸಂಘದ ಗೋಡೆಗೆ ಹಾಕಿಸೋಣ ಎಂದು ಯಾರಾದರೂ ಹೇಳಿದರೆ ತಾವು ತಡೆಯಬೇಕು. ಒಳಗಿನ ಮಾತನ್ನು ಬಿಟ್ಟು ಹೊರಗಿನದನ್ನು ಮಾತ್ರ ಹೇಳಿದರೆ, 68ರ ಸುದ್ದಿ ಬರೆದವರಿಗೂ ನಮಗೂ ಏನು ಅಂತರ ಉಳಿಯಿತು?

ಇನ್ನೂ ಒಂದು ತಪ್ಪು ಹೋಲಿಕೆಯನ್ನು ಕೇಳಿದ್ದೇನೆ. 2011ರಲ್ಲಿ 68 ಇದ್ದದ್ದು 2018ರಲ್ಲಿ 7ಕ್ಕೆ ಇಳಿಯಿತು, ಎಷ್ಟು ಸುಧಾರಣೆ ನೋಡಿ ಎಂದು. ಹಾಗಲ್ಲ. 68 ಎಂಬುದು ಮಾನಕ್ಕೆ ಹೊಂದದ ಹಾಲಿನ ಲೆಕ್ಕ. 7 ಎಂಬುದು ಸುರಕ್ಷಿತವಲ್ಲದ ಹಾಲಿನ ಲೆಕ್ಕ. ಜಿಡ್ಡಿನ ಅಂಕಿಯನ್ನು ಎಸ್.ಎನ್.ಎಫ್. ಅಂಕಿಯೊಡನೆ ಹೋಲಿಸಿದಂತಾಯಿತು.

ಆ ಶೇಕಡಾ 7 ಏನು ಎಂಬುದನ್ನು ಉತ್ಪಾದಕರಾದ ತಾವು ಮನಸ್ಸಿಟ್ಟು ಕೇಳಬೇಕು. ಅದರಲ್ಲಿ ಹೊರಗಿನ ಕಲಬೆರಕೆದಾರನ ಪಾಲು ಬಹಳ ಸಣ್ಣದು. 368 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂ1 ಎಂಬ ವಿಷಾಂಶ ಮಿತಿ ಮೀರಿತ್ತು. 77 ಮಾದರಿಗಳಲ್ಲಿ ಆಂಟಿಬಯಾಟಿಕ್ ಔಷಧಿಯ ಶೇಷ ಮಿತಿ ಮೀರಿತ್ತು. ಅಫ್ಲಾಟಾಕ್ಸಿನ್ ಹೆಚ್ಚು ಕಂಡ ಮೊದಲ ಮೂರರಲ್ಲಿ ನಮ್ಮ ನೆರೆಯ ತಮಿಳುನಾಡು, ಕೇರಳ ಎರಡೂ ಇದ್ದವು. ಇದನ್ನು ಯಾರೂ ಹಾಲಿಗೆ ಸುರಿಯುವುದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಮುಸುಕಿನ ಜೋಳದಿಂದ ಅದು ಹಸುವಿನ ಹೊಟ್ಟೆಗೆ ಹೋಗುತ್ತದೆ. ಹಸುವಿನ ಪಿತ್ತಜನಕಾಂಗದಲ್ಲಿ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ನಾಶವಾಗುವುದಿಲ್ಲ. ಔಷಧಿಯ ಶೇಷ ಬರುವುದು ಕೆಚ್ಚಲು ಬಾವಿಗೆ ಚಿಕಿತ್ಸೆ ಪಡೆದ ಹಸುವಿನ ಹಾಲನ್ನು, ವೈದ್ಯರು ಹೇಳಿದ ದಿನ ಕಳೆಯುವ ಮುಂಚೆಯೇ ಸಂಘಕ್ಕೆ ಹಾಕುವುದರಿಂದ.

ಅಂದರೆ, ಮೂಲ ವರದಿಯನ್ನು ಓದಿದವರಿಗೆ ಎರಡು ಪ್ರಯೋಜನವಾಯಿತು. ನಮ್ಮ ಮೇಲೆ ಬಂದ ಸುಳ್ಳು ಆಪಾದನೆಗೆ ಉತ್ತರ ಸಿಕ್ಕಿತು. ತಲೆಬರಹದಲ್ಲಿ ಬಾರದ ನಮ್ಮ ನಿಜವಾದ ಕೊರತೆಯೂ ತಿಳಿಯಿತು. ಹಿಂಡಿ ಚೀಲವನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಬೂಷ್ಟು ಕಂಡ ಹಿಂಡಿಯನ್ನು ಬಿಸಿಲಿಗೆ ಹಾಕಿ ತಿನ್ನಿಸುವ ಉಳಿತಾಯ ಬೇಡ. ಚಿಕಿತ್ಸೆಯಲ್ಲಿರುವ ಹಸುವಿನ ಹಾಲನ್ನು ಬೇರೆ ಇಡಿ. ಒಬ್ಬರ ಒಂದು ಕ್ಯಾನು ಹಾಲು ಬಲ್ಕ್ ಕೂಲರಿನ ಇಡೀ ಹಾಲನ್ನು ಕೆಡಿಸಬಲ್ಲದು.

ಮೂಲವೇ ಇಲ್ಲದ ಮಾತು

68ಕ್ಕೆ ಮೂಲವಾದರೂ ಇತ್ತು. ಕೆಲವು ಸುದ್ದಿಗಳಿಗೆ ಮೂಲವೇ ಇರುವುದಿಲ್ಲ. 'ಹಾಲಿನ ಕಲಬೆರಕೆ ನಿಲ್ಲಿಸದಿದ್ದರೆ 2025ರ ಹೊತ್ತಿಗೆ ಶೇಕಡಾ 87ರಷ್ಟು ಭಾರತೀಯರಿಗೆ ಕ್ಯಾನ್ಸರ್ ಮುಂತಾದ ರೋಗ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಭಾರತ ಸರ್ಕಾರಕ್ಕೆ ಎಚ್ಚರಿಕೆ ಕೊಟ್ಟಿದೆ' ಎಂಬ ಮಾತು ವರ್ಷಗಟ್ಟಲೆ ಓಡಾಡಿತು. ಅಂಥ ಯಾವ ಎಚ್ಚರಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರವೂ ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯೂ ಸ್ಪಷ್ಟಪಡಿಸಿದವು. 2025 ಬಂದೂ ಹೋಯಿತು.

ಅದರ ಜೊತೆಗೇ ಇನ್ನೊಂದು ಮಾತು ಸೇರಿಕೊಂಡಿತ್ತು. ದೇಶದಲ್ಲಿ ದಿನಕ್ಕೆ ಹಾಲಿನ ಉತ್ಪಾದನೆ 14 ಕೋಟಿ ಲೀಟರ್, ಬಳಕೆ 64 ಕೋಟಿ ಲೀಟರ್, ಉಳಿದ 50 ಕೋಟಿ ಎಲ್ಲಿಂದ ಬಂತು, ಎಲ್ಲ ಕೃತಕ ಹಾಲು ಎಂದು. ಕೇಳಿದವರಿಗೆ ಗಾಬರಿಯಾಗುವುದು ಸಹಜ. ಇಲಾಖೆ ಕೊಟ್ಟ ಲೆಕ್ಕ ಇದು: 2021-22ರಲ್ಲಿ ದೇಶದ ಉತ್ಪಾದನೆ 22 ಕೋಟಿ ಟನ್ನಿಗೂ ಸ್ವಲ್ಪ ಹೆಚ್ಚು, ಅಂದರೆ ದಿನಕ್ಕೆ ಸುಮಾರು 60 ಕೋಟಿ ಕಿಲೋ. 2019ರ ಒಂದು ಅಧ್ಯಯನದಂತೆ ಹಾಲು ಮತ್ತು ಹಾಲಿನ ಪದಾರ್ಥಗಳ ಬಳಕೆ ದಿನಕ್ಕೆ ಸುಮಾರು 44.5 ಕೋಟಿ ಕಿಲೋ. ಬಳಕೆಗಿಂತ ಉತ್ಪಾದನೆಯೇ ಹೆಚ್ಚು. ಹಸು ಕಟ್ಟಿದ ಯಾರಿಗಾದರೂ ಗೊತ್ತು, ಕರೆದ ಹಾಲೆಲ್ಲ ಸಂಘಕ್ಕೆ ಬರುವುದಿಲ್ಲ. ಮನೆಗೆ ಇಟ್ಟುಕೊಳ್ಳುತ್ತೇವೆ, ನೆರೆಯವರಿಗೆ, ಹೋಟೆಲಿನವರಿಗೆ ಕೊಡುತ್ತೇವೆ. ಮಾರುಕಟ್ಟೆಗೆ ಬಂದ ಹಾಲನ್ನು ಮಾತ್ರ ಒಂದು ಕಡೆ ಇಟ್ಟು, ಇಡೀ ದೇಶ ಕುಡಿದದ್ದನ್ನು ಇನ್ನೊಂದು ಕಡೆ ಇಟ್ಟು ತೂಗುವವರ ಲೆಕ್ಕ ಎಂದೂ ತಾಳೆಯಾಗದು.

ಚಲನಚಿತ್ರದ ತುಣುಕುಗಳನ್ನೂ ಇದೇ ಸಾಲಿಗೆ ಸೇರಿಸಬೇಕು. ಪಾಕೀಟಿನ ಹಾಲು ಕಾಯಿಸಿದರೆ ರಬ್ಬರಿನಂತೆ ಎಳೆಯುವ ಉಂಡೆಯಾಗುತ್ತದೆ, ಇದು ಪ್ಲಾಸ್ಟಿಕ್ ಹಾಲು ಎಂದು ತೋರಿಸುತ್ತಾರೆ. ತುಣುಕು ಸುಳ್ಳಿರಬೇಕೆಂದಿಲ್ಲ, ಉಂಡೆ ನಿಜವಾಗಿಯೂ ಎಳೆದಿರಬಹುದು. ಆದರೆ ಹಾಲು ಸ್ವಲ್ಪ ಹುಳಿಯಾದಾಗ ಬಿಸಿ ಮಾಡಿದರೆ ಅದರ ಕೇಸಿನ್ ಎಂಬ ಸಸಾರಜನಕ ಗಟ್ಟಿಯಾಗುತ್ತದೆ. ಬಿಸಿಯಲ್ಲಿ ಹಿಸುಕಿದರೆ ಎಳೆಯಾಗುತ್ತದೆ. ಪೀಟ್ಸಾದ ಮೇಲೆ ಹಾಕುವ ಮೊಜರೆಲ್ಲಾ ಚೀಸನ್ನು ಮಾಡುವುದೇ ಈ ಗುಣದಿಂದ. ಕಣ್ಣಿಗೆ ಕಂಡದ್ದು ನಿಜ, ಅದಕ್ಕೆ ಕೊಟ್ಟ ಕಾರಣ ಸುಳ್ಳು.

ಜಾಹೀರಾತಿನ ಮಾತು

ಈಗ ಜಾಹೀರಾತಿಗೆ ಬರುತ್ತೇನೆ. ಸುದ್ದಿಯಲ್ಲಿ ಬಹಳ ಸಲ ಅವಸರದಿಂದ ತಪ್ಪಾಗುತ್ತದೆ. ಜಾಹೀರಾತಿನಲ್ಲಿ ಒಂದು ಭಾಗವನ್ನು ಬಿಡುವುದು ಯೋಚಿಸಿಯೇ.

ಮೊದಲು ನಮ್ಮ ಕೊಟ್ಟಿಗೆಗೇ ಬರುವ ಜಾಹೀರಾತು ನೋಡೋಣ. 'ಈ ಪುಡಿ ಕೊಡಿ, 15 ದಿನದಲ್ಲಿ 2 ಲೀಟರ್ ಹಾಲು ಹೆಚ್ಚು' ಎಂದು ಕೈಪತ್ರ ಬರುತ್ತದೆ. ಜೊತೆಗೆ ಒಬ್ಬ ರೈತರ ಮಾತು: 'ಕರು ಹಾಕಿದ ವಾರದಿಂದ ಕೊಟ್ಟೆ, 8 ಲೀಟರ್ ಇದ್ದದ್ದು 11 ಆಯಿತು.' ಅವರು ಸುಳ್ಳು ಹೇಳಿರಲಾರರು. ಆದರೆ ಹಸು ಕರು ಹಾಕಿದ ಮೇಲೆ ಮೊದಲ ಆರರಿಂದ ಎಂಟು ವಾರ ಹಾಲು ತಾನಾಗಿಯೇ ಏರುತ್ತಾ ಹೋಗುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಏರುವ ಕಾಲದಲ್ಲಿ ಏನು ಕೊಟ್ಟರೂ ಅದರಿಂದಲೇ ಏರಿದಂತೆ ಕಾಣುತ್ತದೆ. ಅದೇ ಪುಡಿಯನ್ನು ಆರನೆಯ ತಿಂಗಳಲ್ಲಿ ಕೊಟ್ಟು ನೋಡಿದ ರೈತರ ಮಾತನ್ನು ಕೈಪತ್ರದಲ್ಲಿ ಹಾಕಿರುವುದಿಲ್ಲ. ಮುಂಗಾರು ಬಂದು ಹಸಿರು ಮೇವು ಸಿಕ್ಕಾಗಲೂ ಹೀಗೆಯೇ.

ಪುಡಿಗಳೆಲ್ಲ ವ್ಯರ್ಥವೆಂದು ಇದರ ಅರ್ಥವಲ್ಲ. ಖನಿಜ ಮಿಶ್ರಣದ ಕೊರತೆ ಇರುವ ರಾಸಿಗೆ ಅದನ್ನು ಕೊಟ್ಟರೆ ಪ್ರಯೋಜನ ಉಂಟು. ಆದರೆ ಪರೀಕ್ಷೆ ನಾವೇ ಮಾಡಬಹುದು. ಕರು ಹಾಕಿ ಮೂರು ತಿಂಗಳು ಕಳೆದ ಹಸುವನ್ನು ಆರಿಸಿ. ಮೇವು, ಪಶು ಆಹಾರ ಬದಲಿಸಬೇಡಿ. ಮೊದಲ ಎರಡು ವಾರ ಪುಡಿಯಿಲ್ಲದೆ, ಮುಂದಿನ ಎರಡು ವಾರ ಪುಡಿ ಹಾಕಿ, ಮತ್ತೆ ಎರಡು ವಾರ ನಿಲ್ಲಿಸಿ, ದಿನದ ಹಾಲನ್ನು ಬರೆದಿಡಿ. ಸಂಘದ ಪಾಸ್ ಪುಸ್ತಕವೇ ಸಾಕು. ಕೊನೆಗೆ ಹೆಚ್ಚಿದ ಹಾಲಿನ ಬೆಲೆಯಿಂದ ಪುಡಿಯ ಬೆಲೆ ಕಳೆಯಿರಿ. ಉಳಿದದ್ದೇ ನಿಜವಾದ ಜಾಹೀರಾತು. ಪಶು ಆಹಾರದ ಚೀಲ ಕೊಳ್ಳುವಾಗ ಐ.ಎಸ್.ಐ. ಗುರುತಿನ ಜೊತೆಗೆ ಐ.ಎಸ್. 2052 ಎಂಬ ಸಂಖ್ಯೆ ಇದೆಯೇ ನೋಡಿ, ಅದು ಪಶು ಆಹಾರದ ಮಾನದ ಸಂಖ್ಯೆ. ಚೀಲದ ಮೇಲಿನ ಹಸುವಿನ ಚಿತ್ರ ಎಷ್ಟು ದಪ್ಪಗಿದೆ ಎಂಬುದು ಮುಖ್ಯವಲ್ಲ.

ಎರಡನೆಯದು 'ಎ2' ಹಾಲಿನ ಪ್ರಚಾರ. ಹಾಲಿನ ಬೀಟಾ ಕೇಸಿನ್ ಎಂಬ ಸಸಾರಜನಕದಲ್ಲಿ ಎ1, ಎ2 ಎಂಬ ಎರಡು ಬಗೆ ಇರುವುದು ನಿಜ. ನಮ್ಮ ದೇಶೀ ತಳಿಗಳಲ್ಲಿ ಎ2 ಅತಿ ಹೆಚ್ಚು ಎಂದು ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆಯ ಅಧ್ಯಯನದಲ್ಲಿ ಕಂಡಿದೆ. ಇಷ್ಟರವರೆಗೆ ಸರಿ. ಇದಕ್ಕೆ ಮುಂದೆ 'ಮಿಶ್ರತಳಿ ಹಸುವಿನ ಹಾಲು ರೋಗ ತರುತ್ತದೆ' ಎಂದು ಸೇರಿಸುತ್ತಾರೆ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಆವರೆಗಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ಅಂಥ ಕಾರಣ-ಪರಿಣಾಮದ ಸಂಬಂಧ ಸ್ಥಾಪಿತವಾಗಿಲ್ಲ ಎಂದಿತು. ಎಮ್ಮೆಯ ಹಾಲು ಕೂಡ ಎ2 ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಇನ್ನು 'ಎ2 ತುಪ್ಪ' ಎಂದು ದುಬಾರಿ ಬೆಲೆಗೆ ಮಾರುತ್ತಾರೆ. ಎ1, ಎ2 ವ್ಯತ್ಯಾಸ ಇರುವುದು ಸಸಾರಜನಕದಲ್ಲಿ. ತುಪ್ಪವೆಂದರೆ ಹೆಚ್ಚುಕಡಿಮೆ ಪೂರ್ತಿ ಜಿಡ್ಡು, ಸಸಾರಜನಕ ಇಲ್ಲವೆನ್ನುವಷ್ಟು ಕಡಿಮೆ.

2024ರ ಆಗಸ್ಟ್ 21ರಂದು ನಮ್ಮ ಆಹಾರ ಪ್ರಾಧಿಕಾರ ಎ1, ಎ2 ಎಂಬ ಹೇಳಿಕೆಗಳನ್ನು ಪಾಕೀಟಿನಿಂದ ತೆಗೆಯುವಂತೆ ಆದೇಶಿಸಿತು. ಆಗಸ್ಟ್ 26ರಂದು, ಸಂಬಂಧಪಟ್ಟವರೊಡನೆ ಇನ್ನಷ್ಟು ಸಮಾಲೋಚನೆಗಾಗಿ, ಅದನ್ನು ಹಿಂತೆಗೆದುಕೊಂಡಿತು. ಮೊದಲ ಪತ್ರವನ್ನು ಮಾತ್ರ ಹಿಡಿದವರು ನಿಷೇಧವಾಗಿದೆ ಎಂದರು. ಎರಡನೆಯದನ್ನು ಹಿಡಿದವರು ಸರ್ಕಾರವೇ ಒಪ್ಪಿದೆ ಎಂದರು. ಎರಡೂ ಸರಿಯಲ್ಲ. ಹಿಂತೆಗೆದುಕೊಂಡ ಮಾತ್ರಕ್ಕೆ ಆ ಪ್ರಚಾರ ಸತ್ಯವೆಂದು ಯಾರೂ ಮುದ್ರೆ ಒತ್ತಿಲ್ಲ.

ಮೂರನೆಯದು ಮಕ್ಕಳಿಗಾಗಿ ಹಾಲಿಗೆ ಬೆರೆಸುವ ಪುಡಿಗಳು. ಡಬ್ಬದ ಮೇಲೆ ಶಕ್ತಿ, ಎತ್ತರ, ಬುದ್ಧಿ ಎಲ್ಲ ಬರೆದಿರುತ್ತದೆ. ಸಣ್ಣ ಅಕ್ಷರದಲ್ಲಿ 'ಒಂದು ಲೋಟ ಹಾಲಿನೊಡನೆ' ಎಂದಿರುತ್ತದೆಯೇ ನೋಡಿ. ಹಾಗಿದ್ದರೆ ಆ ಶಕ್ತಿಯಲ್ಲಿ ಪುಡಿಯ ಪಾಲೆಷ್ಟು, ಲೋಟದಲ್ಲಿರುವ ತಮ್ಮ ಹಾಲಿನ ಪಾಲೆಷ್ಟು? ಆಹಾರ ಸುರಕ್ಷತಾ ಕಾಯಿದೆಯಲ್ಲಿ 'ಆರೋಗ್ಯ ಪೇಯ' ಎಂಬ ವ್ಯಾಖ್ಯೆಯೇ ಇಲ್ಲವೆಂದು, ಇಂಥ ಪದಾರ್ಥಗಳನ್ನು ಆ ಹೆಸರಿನಲ್ಲಿ ಮಾರಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು.

ನಮ್ಮ ಮನೆಯ ಜಾಹೀರಾತು

ಬೇರೆಯವರದ್ದನ್ನು ಹೇಳಿ ನಮ್ಮದನ್ನು ಬಿಟ್ಟರೆ ಈ ಉಪನ್ಯಾಸ ಪೂರ್ಣವಾಗುವುದಿಲ್ಲ. 2017ರಲ್ಲಿ ಗುಜರಾತಿನ ಸಹಕಾರ ಹಾಲು ಮಾರಾಟ ಮಹಾಮಂಡಳ, ಅಂದರೆ ಅಮುಲ್, ಐಸ್‌ಕ್ರೀಂ ಮತ್ತು ಫ್ರೋಜನ್ ಡೆಸರ್ಟ್‌ಗಳ ವ್ಯತ್ಯಾಸ ತೋರಿಸುವ ಟಿ.ವಿ. ಜಾಹೀರಾತು ಕೊಟ್ಟಿತು. ಐಸ್‌ಕ್ರೀಮಿನಲ್ಲಿರುವುದು ಹಾಲಿನ ಜಿಡ್ಡು, ಫ್ರೋಜನ್ ಡೆಸರ್ಟ್‌ನಲ್ಲಿರುವುದು ಸಸ್ಯಮೂಲದ ಜಿಡ್ಡು. ಇದು ನಿಜವಾದ ವ್ಯತ್ಯಾಸ, ಗ್ರಾಹಕರು ತಿಳಿಯಲೇಬೇಕಾದದ್ದು. ಆದರೆ ಜಾಹೀರಾತಿನಲ್ಲಿ 'ವನಸ್ಪತಿ' ಎಂಬ ಮಾತು ಬಂತು. ತಮ್ಮ ಪದಾರ್ಥದಲ್ಲಿ ವನಸ್ಪತಿ ಇಲ್ಲ, ಬೇರೆ ಸಸ್ಯಜನ್ಯ ಜಿಡ್ಡು ಇದೆ ಎಂದು ಹಿಂದೂಸ್ತಾನ್ ಯೂನಿಲಿವರ್ ಕಂಪನಿ ಬಾಂಬೆ ಹೈಕೋರ್ಟಿಗೆ ಹೋಯಿತು. 2017ರ ಜೂನ್‌ನಲ್ಲಿ ಹೈಕೋರ್ಟು ಆ ಜಾಹೀರಾತಿಗೆ ತಡೆ ಕೊಟ್ಟಿತು. ಸಹಕಾರಿಗಳ ಕಡೆ ಸತ್ಯವಿದ್ದರೂ ಒಂದು ಪದ ಹೆಚ್ಚಾದದ್ದರಿಂದ ಹೇಳಬೇಕಾದ ಒಳ್ಳೆಯ ಮಾತೂ ನಿಂತುಹೋಯಿತು.

ನಮ್ಮ ಸಂಘಗಳೂ ಈಗ ಮೊಸರು, ತುಪ್ಪ, ಪೇಡಗಳ ಮಾರಾಟ ಮಳಿಗೆ ಇಟ್ಟಿವೆ, ಫಲಕ ಬರೆಸುತ್ತಿವೆ. 'ಸಕ್ಕರೆ ಕಾಯಿಲೆಗೆ ರಾಮಬಾಣ', 'ರೋಗನಿರೋಧಕ' ಎಂದೆಲ್ಲ ಬರೆಸಬೇಡಿ. ರೋಗ ವಾಸಿಯಾಗುತ್ತದೆ ಎಂದು ಆಹಾರಕ್ಕೆ ಜಾಹೀರಾತು ಕೊಡುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ತಪ್ಪು ದಾರಿಗೆಳೆಯುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲೂ ದಂಡವಿದೆ. ಸಹಕಾರಿ ಸಂಘವೆಂದು ರಿಯಾಯಿತಿ ಇಲ್ಲ.

ಏನು ಮಾಡಬೇಕು

ಕೊನೆಯದಾಗಿ, ಊರಿಗೆ ಹಿಂತಿರುಗಿದ ಮೇಲೆ ಮಾಡಬಹುದಾದ ಕೆಲಸಗಳನ್ನು ಹೇಳಿ ಮುಗಿಸುತ್ತೇನೆ.

ಹಾಲಿನ ಬಗ್ಗೆ ಸುದ್ದಿ ಬಂದರೆ ಐದು ಪ್ರಶ್ನೆ ಕೇಳಿ. ಹೇಳಿದವರು ಯಾರು? ಯಾವ ವರ್ಷದ ಮಾತು? ಎಷ್ಟರಲ್ಲಿ ಎಷ್ಟು? ಯಾವ ಅಳತೆಗೋಲಿನಿಂದ ಅಳೆದರು? ಬಿಟ್ಟ ಮಾತು ಯಾವುದು? ತಲೆಬರಹ ಓದಿ ನಿಲ್ಲಬೇಡಿ, ಸುದ್ದಿಯ ಕೊನೆಯ ಪ್ಯಾರಾ ತನಕ ಓದಿ. ಬಹಳ ಸಲ ನಿಜ ಅಲ್ಲಿ ಕುಳಿತಿರುತ್ತದೆ.

ಮೂಲ ಸಿಗುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಆಹಾರ ಪ್ರಾಧಿಕಾರದ ವರದಿಗಳು, ಲೋಕಸಭೆಯ ಪ್ರಶ್ನೋತ್ತರಗಳು, ಸರ್ಕಾರದ ಪತ್ರಿಕಾ ಪ್ರಕಟಣೆಗಳು ಎಲ್ಲರಿಗೂ ತೆರೆದಿವೆ. ಊರಿನಲ್ಲಿ ಕಾಲೇಜು ಓದುವ ಮಕ್ಕಳಿದ್ದಾರೆ. 'ಈ ಮಾತು ಎಲ್ಲಿಂದ ಬಂತು, ಹುಡುಕಿ ಓದಿ ಹೇಳಪ್ಪಾ' ಎಂದು ಅವರಿಗೆ ಕೆಲಸ ಕೊಡಿ. ಸಿಗದಿದ್ದರೆ ಒಕ್ಕೂಟದ ಗುಣ ನಿಯಂತ್ರಣ ವಿಭಾಗಕ್ಕೆ ಕೇಳಿ. ಮೋಸದ ಜಾಹೀರಾತಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಾಹೀರಾತುದಾರರೇ 1985ರಲ್ಲಿ ಮಾಡಿಕೊಂಡ ಜಾಹೀರಾತು ಮಾನ ಮಂಡಲಿಗೂ ದೂರು ಕೊಡಬಹುದು.

ಮೂಲ ಸಿಗುವ ತನಕ ಆ ಸುದ್ದಿಯನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ. ನಮ್ಮ ಪರವಾಗಿದ್ದರೂ ಕಳುಹಿಸಬೇಡಿ. ಒಬ್ಬ ಉತ್ಪಾದಕರ ಹಾಲಿಗೆ ಎಸ್.ಎನ್.ಎಫ್. ಬಾರದಿದ್ದರೆ, ಮೇವು ಯಾವುದು, ಹಸು ಕರು ಹಾಕಿ ಎಷ್ಟು ದಿನವಾಯಿತು, ಕೆಚ್ಚಲು ಬಾವು ಇದೆಯೇ ಎಂದು ಕೇಳದೆ ನಾಲ್ಕು ಜನರ ಮುಂದೆ ನೀರಿನ ಹಾಲು ಎಂದು ಹೇಳಬೇಡಿ. ಪತ್ರಿಕೆಯವರಿಂದ ನಾವು ನಿರೀಕ್ಷಿಸುವ ನ್ಯಾಯವನ್ನು ಸಂಘದ ಬಾಗಿಲಲ್ಲಿ ನಾವು ಮೊದಲು ಕೊಡಬೇಕು. ಹಾಗೆಯೇ ಪರೀಕ್ಷೆಯಲ್ಲಿ ಕಲಬೆರಕೆ ಖಚಿತವಾದರೆ, ಅದು ಸಂಘದ ನಿರ್ದೇಶಕರದೇ ಹಾಲಾಗಿದ್ದರೂ ಮುಚ್ಚಿಡಬೇಡಿ. ಮುಚ್ಚಿಟ್ಟ ಒಂದು ಕ್ಯಾನು ನಾಳಿನ ತಲೆಬರಹಕ್ಕೆ ದಾರಿ.

ಗ್ರಾಹಕರು ಬೆಳಗಿನ ಐದು ಗಂಟೆಗೆ ಪಾಕೀಟು ಕತ್ತರಿಸಿ ಮಗುವಿಗೆ ಹಾಲು ಕಾಯಿಸುವಾಗ ನಮ್ಮ ಮುಖ ನೋಡಿರುವುದಿಲ್ಲ, ನಂಬಿಕೆಯಿಂದ ಕಾಯಿಸುತ್ತಾರೆ. ಆ ನಂಬಿಕೆಯನ್ನು ಸುಳ್ಳು ಸುದ್ದಿಯಿಂದ ಕಾಪಾಡುವುದೂ, ನಮ್ಮಿಂದಲೇ ಅದು ಕೆಡದಂತೆ ನೋಡಿಕೊಳ್ಳುವುದೂ ಒಂದೇ ಕೆಲಸದ ಎರಡು ಭಾಗ.

ಜೈ ಸಹಕಾರ.